ಒಂದೇ ಕಂಪ್ಯೂಟರ್, ಒಂದೇ ಹೊತ್ತಿಗೆ ನಾಲ್ಕು ಮಂದಿ: ತೋಟದ ಮನೆಗೆ ರಿಮೋಟ್ ಡೆಸ್ಕ್‌ಟಾಪ್

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ, ಜೊತೆಗೆ ಸಣ್ಣದೊಂದು ಹೋಂಸ್ಟೇ. ಮನೆಯಲ್ಲಿ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್ ಇದೆ, ವಿಂಡೋಸ್ 11 ಹೋಮ್. ತೋಟದ ಆಫೀಸಿನಲ್ಲಿ ರೈಟರ್ (ತೋಟದ ಗುಮಾಸ್ತ) ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ತುಂಬಲು, ಮನೆಯಲ್ಲಿ ಹೆಂಡತಿ ಬುಕಿಂಗ್ ನೋಡಲು, ಲೆಕ್ಕ ಬರೆಯುವವರು ಬಂದಾಗ ಟ್ಯಾಲಿ ಮಾಡಲು, ಎಲ್ಲರೂ ತಮ್ಮ ಹಳೆಯ ಲ್ಯಾಪ್‌ಟಾಪಿನಿಂದ ಒಂದೇ ಹೊತ್ತಿಗೆ ಇದನ್ನು ಬಳಸುವಂತಾಗಬೇಕು. ಮೈಸೂರಿನಲ್ಲಿರುವ ಮಗಳಿಗೂ ಆಗಾಗ ಬೇಕು. ವಿಡಿಯೊ ನೋಡಿ, ಹಲವರಿಗೆ ಒಟ್ಟಿಗೆ ರಿಮೋಟ್ ಡೆಸ್ಕ್‌ಟಾಪ್ ತೆರೆಯುವ ಆರ್‌ಡಿಪಿ ರ‍್ಯಾಪರ್ ಹಾಕಿದೆವು. ಕೆಲವು ದಿನ ನಡೆಯಿತು, ಅಪ್‌ಡೇಟ್ ಆದಮೇಲೆ ನಿಂತೇಹೋಯಿತು. ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಯಂತ್ರಕ್ಕೆ ಶಕ್ತಿ ಸಾಲದೆ ಅದು ನಿಂತಿಲ್ಲ. ಐ5, 16 ಜಿಬಿ ಎಂದರೆ ನೀವು ಹೇಳಿದ ನಾಲ್ಕು ಮಂದಿಗೆ ಸಾಕು. ಅಡ್ಡಿ ಇರುವುದು ಪರವಾನಗಿಯಲ್ಲಿ. ವಿಂಡೋಸ್ ಹೋಮ್ ಆವೃತ್ತಿ ಬೇರೆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋಗಬಲ್ಲದು, ಆದರೆ ತನ್ನೊಳಗೆ ಯಾರನ್ನೂ ಹಾಗೆ ಬರಗೊಡುವುದಿಲ್ಲ. ಪ್ರೊ ಆವೃತ್ತಿ ಬರಗೊಡುತ್ತದೆ, ಒಬ್ಬರನ್ನು ಮಾತ್ರ. ಹೊರಗಿನಿಂದ ಒಬ್ಬರು ಬಂದರೆ ಎದುರಿಗೆ ಕುಳಿತವರ ಪರದೆಗೆ ಬೀಗ ಬೀಳುತ್ತದೆ. ಹಾಗಾಗಿ ಹೋಮ್‌ನಿಂದ ಪ್ರೊಗೆ ಏರಿಸಿದ ಮಾತ್ರಕ್ಕೆ ನಿಮ್ಮ ಕೆಲಸ ಆಗುವುದಿಲ್ಲ. ಅಂಗಡಿಯವರು ಹಾಗೆ ಹೇಳಿದರೆ ದುಡ್ಡು ಕೊಡುವ ಮುನ್ನ ಇದನ್ನು ನೆನಪಿಡಿ.

ರ‍್ಯಾಪರ್ ಏಕೆ ಕೈಕೊಟ್ಟಿತು ಎಂಬುದನ್ನು ತಿಳಿದರೆ ಅದನ್ನು ಮತ್ತೆ ಹಾಕುವ ಆಸೆ ಹೋಗುತ್ತದೆ. ವಿಂಡೋಸಿನಲ್ಲಿ ರಿಮೋಟ್ ಸೆಷನ್‌ಗಳನ್ನು, ಅಂದರೆ ಒಬ್ಬೊಬ್ಬರು ದೂರದಿಂದ ಲಾಗಿನ್ ಆಗಿ ತೆರೆಯುವ ಕೆಲಸದ ಪರದೆಗಳನ್ನು, ನೋಡಿಕೊಳ್ಳುವುದು ಟರ್ಮ್‌ಎಸ್‌ಆರ್‌ವಿ ಎಂಬ ಡಿಎಲ್‌ಎಲ್ ಫೈಲು. ಎಷ್ಟು ಮಂದಿಗೆ ಅವಕಾಶ ಎಂಬ ತಪಾಸಣೆಯೂ ಅದರಲ್ಲೇ ಇದೆ. ರ‍್ಯಾಪರ್ ಆ ಫೈಲನ್ನು ಮುಟ್ಟದೆ, ಅದು ಮೆಮೊರಿಗೆ ಬಂದಮೇಲೆ ಆ ತಪಾಸಣೆಯ ಜಾಗವನ್ನು ಮಾತ್ರ ಬದಲಿಸುತ್ತದೆ. ಯಾವ ಜಾಗ ಎಂಬುದು ಫೈಲಿನ ಒಂದೊಂದು ಆವೃತ್ತಿಗೂ ಬೇರೆ. ಆ ಪಟ್ಟಿ ರ‍್ಯಾಪರಿನ ಜೊತೆ ಬರುವ ಐಎನ್‌ಐ ಫೈಲಿನಲ್ಲಿರುತ್ತದೆ. ವಿಂಡೋಸ್ ಅಪ್‌ಡೇಟ್ ಹೊಸ ಡಿಎಲ್‌ಎಲ್ ತಂದ ದಿನ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ, ರ‍್ಯಾಪರ್ ಸುಮ್ಮನಾಗುತ್ತದೆ. ಆಗ ಜನ ಎಲ್ಲೆಲ್ಲಿಂದಲೋ ಹೊಸ ಐಎನ್‌ಐ ಇಳಿಸಿಕೊಳ್ಳುತ್ತಾರೆ, ಅದು ಓಡಲಿ ಎಂದು ಆಂಟಿವೈರಸ್‌ಗೆ ವಿನಾಯಿತಿ ಕೊಡುತ್ತಾರೆ, ಕೊನೆಗೆ ಅಪ್‌ಡೇಟನ್ನೇ ನಿಲ್ಲಿಸುತ್ತಾರೆ. ಚೆಕ್‌ರೋಲ್ ಎಂದರೆ ಆಳುಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ಸೇರಿದ ಕಡತ. ಅದನ್ನಿಟ್ಟುಕೊಂಡ ಯಂತ್ರದಲ್ಲಿ ಹೀಗೆ ಬಾಗಿಲು ತೆರೆದಿಡುವುದು ದಯವಿಟ್ಟು ಬೇಡ. ಒಂದಕ್ಕಿಂತ ಹೆಚ್ಚು ಮಂದಿಗೆ ಸೆಷನ್ ಕೊಡುವುದು ವಿಂಡೋಸ್ 11ರ ಪರವಾನಗಿಗೂ ವಿರುದ್ಧ.

ಈಗ ಇರುವ ರ‍್ಯಾಪರನ್ನು ಅದರ ಫೋಲ್ಡರಿನಲ್ಲೇ ಇರುವ ಅನ್‌ಇನ್‌ಸ್ಟಾಲ್ ಫೈಲಿನಿಂದ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ತೆಗೆಯಿರಿ. ಡಿಎಲ್‌ಎಲ್ ಫೈಲನ್ನೇ ತಿದ್ದುವ ಪ್ಯಾಚನ್ನೂ ಹಾಕಿದ್ದರೆ, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿದರೆ ಮೂಲ ಫೈಲು ವಾಪಸ್ ಬರುತ್ತದೆ. ಆಮೇಲೆ ಡಿಫೆಂಡರಿನಲ್ಲಿ ಕೊಟ್ಟ ವಿನಾಯಿತಿಗಳನ್ನು ಅಳಿಸಿ, ಪೂರ್ತಿ ಸ್ಕ್ಯಾನ್ ಮಾಡಿ, ಬಾಕಿ ಅಪ್‌ಡೇಟ್ ಎಲ್ಲ ಹಾಕಿ.

ಎನಿಡೆಸ್ಕ್, ರಸ್ಟ್‌ಡೆಸ್ಕ್‌ನಂಥವು ಸಾಕಲ್ಲ ಎಂದು ಕೆಲವರು ಸಲಹೆ ಕೊಡುತ್ತಾರೆ. ಅವು ಇರುವ ಒಂದೇ ಪರದೆಯನ್ನು ಹಂಚಿ ತೋರಿಸುವ ಸಾಧನಗಳು. ರೈಟರ್ ಮೌಸ್ ಎಳೆದರೆ ನಿಮ್ಮ ಹೆಂಡತಿಯ ಪರದೆಯಲ್ಲೂ ಬಾಣ ಓಡುತ್ತದೆ. ನಿಮಗೆ ಬೇಕಾದದ್ದು ಒಬ್ಬೊಬ್ಬರಿಗೆ ಒಂದೊಂದು ಸೆಷನ್.

ದಾರಿ ಹಿಡಿಯುವ ಮೊದಲು ಒಂದು ಕಾಗದದ ಮೇಲೆ ಯಾರಿಗೆ ಯಾವ ಪ್ರೋಗ್ರಾಂ ಬೇಕು ಎಂದು ಬರೆದುಕೊಳ್ಳಿ. ನಿಮ್ಮ ಪ್ರಶ್ನೆಯಿಂದಲೇ ತಿಳಿಯುವಂತೆ ರೈಟರಿಗೆ ಬೇಕಿರುವುದು ಎಕ್ಸೆಲ್ ತರಹದ ಹಾಳೆ, ಬುಕಿಂಗಿಗೆ ಬ್ರೌಸರ್, ಮಗಳಿಗೆ ಬಹುಶಃ ಇವೆರಡೂ. ವಿಂಡೋಸ್ ಇಲ್ಲದೆ ಆಗದ್ದು ಟ್ಯಾಲಿ ಒಂದೇ, ಅದೂ ಒಬ್ಬರಿಗೆ. ಇಂಥ ಮನೆಗೆ ನಾನು ಹೇಳುವುದು ಹೀಗೆ: ಡೆಸ್ಕ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, ಎಕ್ಸ್‌ಆರ್‌ಡಿಪಿ ಎಂಬ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂ ಮೂಲಕ ಎಲ್ಲರಿಗೂ ಸೆಷನ್ ಕೊಡಿ, ಟ್ಯಾಲಿಗೆ ಅದರೊಳಗೇ ಒಂದು ವರ್ಚುವಲ್ ವಿಂಡೋಸ್ (ಲಿನಕ್ಸಿನೊಳಗೆ ಒಂದು ಪ್ರೋಗ್ರಾಮಿನಂತೆ ಓಡುವ ವಿಂಡೋಸ್) ಇಡಿ. ಲಿನಕ್ಸಿನಲ್ಲಿ ಸೆಷನ್ ಎಣಿಸುವ ಪರವಾನಗಿ ಇಲ್ಲ. ಎಷ್ಟು ಮಂದಿ ಎಂಬುದನ್ನು ರ‍್ಯಾಮ್ ತೀರ್ಮಾನಿಸುತ್ತದೆ.

ರ‍್ಯಾಮಿನ ಲೆಕ್ಕ ಹೀಗೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್‌ನ ಒಂದು ಖಾಲಿ ಸೆಷನ್ ಸುಮಾರು ಅರ್ಧ ಜಿಬಿ ತಿನ್ನುತ್ತದೆ. ಹತ್ತು ಟ್ಯಾಬ್ ತೆರೆದ ಫೈರ್‌ಫಾಕ್ಸ್ ಸೇರಿದರೆ ಒಬ್ಬರಿಗೆ 2ರಿಂದ 2.5 ಜಿಬಿ. ಮೂವರಿಗೆ 7 ಜಿಬಿ, ವರ್ಚುವಲ್ ವಿಂಡೋಸಿಗೆ 6 ಜಿಬಿ, ಮೂಲ ವ್ಯವಸ್ಥೆಗೆ 1 ಜಿಬಿ. ಒಟ್ಟು 14. ನಾಲ್ಕನೆಯವರೂ ಬ್ರೌಸರ್ ತುಂಬಾ ಟ್ಯಾಬ್ ಇಟ್ಟುಕೊಂಡರೆ ಬಿಗಿಯಾಗುತ್ತದೆ. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 16 ಜಿಬಿ ಹಾಕಿಸಿ. ಪ್ರೊಸೆಸರ್ ಬದಲಿಸುವುದಕ್ಕಿಂತ ಇದರಿಂದ ಹೆಚ್ಚು ಸುಖ. ಡಿಸ್ಕ್ ಎಸ್‌ಎಸ್‌ಡಿ ಆಗಿರಲೇಬೇಕು. ನಾಲ್ವರು ಒಟ್ಟಿಗೆ ಕೆಲಸ ಮಾಡುವಾಗ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಎಲ್ಲರನ್ನೂ ಕಾಯಿಸುತ್ತದೆ.

ಈಗಿನ ವಿಂಡೋಸ್ ಡಿಸ್ಕನ್ನು ಅಳಿಸಬೇಡಿ. 500 ಜಿಬಿಯ ಹೊಸ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕನ್ನು ಕಳಚಿಟ್ಟು, ಹೊಸದಕ್ಕೆ ಮಾತ್ರ ಲಿನಕ್ಸ್ ಹಾಕಿ. ಏನೇ ಎಡವಟ್ಟಾದರೂ ಹಳೆಯದನ್ನು ಸಿಕ್ಕಿಸಿದರೆ ಮನೆ ಮೊದಲಿನಂತೆ ನಡೆಯುತ್ತದೆ. ಕಳಚುವ ಮುನ್ನ ಒಂದು ಕೆಲಸ: ವಿಂಡೋಸ್ 11 ಹೋಮ್‌ನಲ್ಲೂ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿ ಚಾಲೂ ಆಗಿರಬಹುದು. ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮೂಲ ಪ್ರೋಗ್ರಾಂ) ಸೆಟ್ಟಿಂಗ್ ಬದಲಾದಾಗ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಅದನ್ನು ಕಾಗದದಲ್ಲಿ ಬರೆದಿಡಿ. ಕೆಲಸಕ್ಕೆ ಕೈಹಾಕುವ ಹೊತ್ತನ್ನೂ ನೋಡಿಕೊಳ್ಳಿ. ಕೊಯ್ಲಿನ ನಡುವೆ, ವಾರದ ಬಟವಾಡೆಯ ಹಿಂದಿನ ದಿನ ಬೇಡವೇ ಬೇಡ.

ಎಕ್ಸ್‌ಆರ್‌ಡಿಪಿ ಕೂರಿಸುವುದು

ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿ. 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ವಿಂಡೋಸ್ ರೂಢಿಯಾದವರಿಗೆ ಮೆನು ಪರಿಚಿತ ಅನ್ನಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೇಳುವ ಮೊದಲ ಖಾತೆಯನ್ನು ನಿರ್ವಹಣೆಗೆಂದೇ ಇಡಿ, ದಿನದ ಕೆಲಸಕ್ಕೆ ಯಾರೂ ಅದನ್ನು ಬಳಸಬಾರದು. ಆಮೇಲೆ ಬಳಕೆದಾರರು ಮತ್ತು ಗುಂಪುಗಳು ಎಂಬ ಕಡೆ ಹೋಗಿ ನಾಲ್ವರಿಗೂ ಬೇರೆ ಬೇರೆ ಖಾತೆ ತೆರೆಯಿರಿ, ಎಲ್ಲವೂ ಸಾಮಾನ್ಯ ಬಗೆಯವು. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಂತೆ ವ್ಯವಸ್ಥೆ ಮೊದಲಿಂದಲೇ ಇರುತ್ತದೆ.

ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಎಕ್ಸ್‌ಆರ್‌ಡಿಪಿ ಎಂದು ಹುಡುಕಿ ಹಾಕಿ. ಟರ್ಮಿನಲ್ ಅಭ್ಯಾಸವಿದ್ದರೆ ಸುಡೋ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಆ ಹೆಸರು ಸೇರಿಸಿದರೂ ಅದೇ. ಜೊತೆಗೆ ಎಕ್ಸ್‌ಆರ್ಗ್‌ಎಕ್ಸ್‌ಆರ್‌ಡಿಪಿ ಎಂಬ ಇನ್ನೊಂದು ಪ್ಯಾಕೇಜ್ ಬಂದಿದೆಯೇ ನೋಡಿ. ಪರದೆ ಬಿಡಿಸುವ ಕೆಲಸ ಅದರದ್ದು, ಅದಿಲ್ಲದೆ ಲಾಗಿನ್ ಆದಮೇಲೆ ಏನೂ ಕಾಣುವುದಿಲ್ಲ.

ಮುಂದಿನದು ಹಲವರು ಬಿಟ್ಟುಬಿಡುವ ಹೆಜ್ಜೆ. ಎಕ್ಸ್‌ಆರ್‌ಡಿಪಿ ತನ್ನದೇ ಹೆಸರಿನ ಒಂದು ಒಳಖಾತೆಯಲ್ಲಿ ಓಡುತ್ತದೆ. ಗೂಢಲಿಪಿಗೆ ಬೇಕಾದ ಖಾಸಗಿ ಕೀ ಇರುವ ಫೈಲನ್ನು ಓದಲು ಆ ಖಾತೆಗೆ ಅನುಮತಿ ಇರುವುದಿಲ್ಲ. ಸುಡೋ ಅಡ್‌ಯೂಸರ್ ಎಂದು ಬರೆದು, ಆ ಖಾತೆಯ ಹೆಸರು ಎಕ್ಸ್‌ಆರ್‌ಡಿಪಿ, ಆಮೇಲೆ ಗುಂಪಿನ ಹೆಸರು ಎಸ್‌ಎಸ್‌ಎಲ್ ಹೈಫನ್ ಸರ್ಟ್ ಎಂದು ಕೊಟ್ಟರೆ ಅದು ಆ ಗುಂಪಿಗೆ ಸೇರುತ್ತದೆ. ನಂತರ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಹೀಗೆ ಮಾಡದಿದ್ದರೆ ಲಾಗ್ ಫೈಲಿನಲ್ಲಿ ಕೀ ಓದಲಾಗಲಿಲ್ಲ ಎಂಬ ಸಾಲು ಬರುತ್ತದೆ, ಸಂಪರ್ಕ ಕೂಡದೆ ಹೋಗಬಹುದು ಅಥವಾ ಹಳೆಯ ದುರ್ಬಲ ಗೂಢಲಿಪಿಗೆ ಇಳಿಯಬಹುದು.

ಪ್ರತಿಯೊಬ್ಬರ ಹೋಂ ಫೋಲ್ಡರಿನಲ್ಲಿ ಡಾಟ್‌ನಿಂದ ಶುರುವಾಗುವ ಎಕ್ಸ್‌ಸೆಷನ್ ಎಂಬ ಫೈಲು ಮಾಡಿ, ಒಳಗೆ ಎಕ್ಸ್‌ಎಫ್‌ಸಿಇ4 ಹೈಫನ್ ಸೆಷನ್ ಎಂಬ ಒಂದು ಸಾಲು ಬರೆಯಿರಿ. ಮಿಂಟಿನಲ್ಲಿ ಇದಿಲ್ಲದೆಯೂ ಸಾಮಾನ್ಯವಾಗಿ ನಡೆಯುತ್ತದೆ. ಮುಂದೆ ಯಾರಾದರೂ ಇನ್ನೊಂದು ಡೆಸ್ಕ್‌ಟಾಪ್ ಹಾಕಿದಾಗ ರಿಮೋಟ್ ಕೆಡದಿರಲಿ ಎಂದು ಈಗಲೇ ಬರೆದಿಡುವುದು. ಬಳಿಕ ಕಂಪ್ಯೂಟರಿಗೆ ಸ್ಥಿರ ವಿಳಾಸ ಬೇಕು. ಅದನ್ನು ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಕಾಯಂ ಮಾಡಿ, 192.168.1.50 ಎಂದಿಟ್ಟುಕೊಳ್ಳೋಣ. ಮಿಂಟಿನ ಫೈರ್‌ವಾಲ್ ಮೊದಲಿಗೆ ಆಫ್ ಇರುತ್ತದೆ. ಅದನ್ನು ಆನ್ ಮಾಡಿ, ಒಳಬರುವುದೆಲ್ಲ ತಡೆ ಎಂದಿಟ್ಟು, 192.168.1.0/24 ಜಾಲದಿಂದ ಟಿಸಿಪಿ 3389ಕ್ಕೆ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್) ಮಾತ್ರ ಬಿಡಿ. ಪವರ್ ಮ್ಯಾನೇಜರಿನಲ್ಲಿ ಸಸ್ಪೆಂಡ್ ತೆಗೆದುಹಾಕಿ. ಇಲ್ಲದಿದ್ದರೆ ಎದುರಿಗೆ ಯಾರೂ ಇಲ್ಲವೆಂದು ಯಂತ್ರ ನಿದ್ದೆಹೋಗಿ ಆಫೀಸಿನಲ್ಲಿ ಕುಳಿತವರಿಗೆ ಸಂಪರ್ಕ ತಪ್ಪುತ್ತದೆ.

ಇನ್ನು ಲ್ಯಾಪ್‌ಟಾಪಿನಿಂದ. ವಿಂಡೋಸ್ ಇದ್ದರೆ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆರೆದು ಆ ವಿಳಾಸ ಹಾಕಿ. ಸರ್ಟಿಫಿಕೇಟ್ ನಂಬಬಹುದೇ ಎಂಬ ಎಚ್ಚರಿಕೆ ಮೊದಲ ಸಲ ಬರುತ್ತದೆ, ನಿಮ್ಮದೇ ಯಂತ್ರದ ಸರ್ಟಿಫಿಕೇಟ್ ಆದ್ದರಿಂದ ಒಪ್ಪಿಕೊಳ್ಳಬಹುದು. ನೀಲಿ ಲಾಗಿನ್ ಪರದೆಯಲ್ಲಿ ಸೆಷನ್ ಎಂಬಲ್ಲಿ ಎಕ್ಸ್‌ಆರ್ಗ್ ಇರಲಿ, ಕೆಳಗೆ ಹೆಸರು, ಪಾಸ್‌ವರ್ಡ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಆ ವಯಸ್ಸಿನ ಲ್ಯಾಪ್‌ಟಾಪ್‌ಗಳಿಗೂ ಮಿಂಟ್ ಹಾಕಿ, ರೆಮ್ಮಿನಾ ಎಂಬ ಪ್ರೋಗ್ರಾಮಿನಿಂದ ಸಂಪರ್ಕಿಸಿ. 4 ಜಿಬಿ ರ‍್ಯಾಮಿನ ಹಳೆಯ ಯಂತ್ರವೂ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ನಿಜವಾದ ಕೆಲಸ ಮನೆಯ ಡೆಸ್ಕ್‌ಟಾಪಿನಲ್ಲಿ ನಡೆಯುತ್ತಿರುತ್ತದೆ.

ಎಲ್ಲಿ ಎಡವುತ್ತದೆ

ಎಲ್ಲಕ್ಕಿಂತ ಹೆಚ್ಚು ಮಂದಿ ಸಿಕ್ಕಿಬೀಳುವುದು ಇದರಲ್ಲಿ: ಪಾಸ್‌ವರ್ಡ್ ಒಪ್ಪಿಕೊಂಡಿತು, ಪರದೆ ಕಪ್ಪಾಯಿತು ಅಥವಾ ಒಂದು ಕ್ಷಣ ತೆರೆದು ಮುಚ್ಚಿಕೊಂಡಿತು. ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ. ಅದೇ ಖಾತೆಯಲ್ಲಿ ಡೆಸ್ಕ್‌ಟಾಪಿನ ಎದುರಿಗೆ ಯಾರೋ ಲಾಗಿನ್ ಆಗಿದ್ದಾರೆ. ಒಂದು ಖಾತೆಯ ಎರಡು ಡೆಸ್ಕ್‌ಟಾಪ್ ಸೆಷನ್‌ಗಳು ಒಂದೇ ಹಿನ್ನೆಲೆ ಸೇವೆಗಳಿಗೆ ಕಿತ್ತಾಡುತ್ತವೆ, ಎರಡನೆಯದು ಸೋಲುತ್ತದೆ. ಪ್ರತಿಯೊಬ್ಬರಿಗೂ ಬೇರೆ ಖಾತೆ ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕೇ. ಡೆಸ್ಕ್‌ಟಾಪಿನ ಎದುರು ಕೂರುವವರು ಏಳುವಾಗ ಪರದೆಗೆ ಬೀಗ ಹಾಕಿದರೆ ಸಾಲದು, ಲಾಗ್‌ಔಟ್ ಆಗಬೇಕು.

ಮಧ್ಯೆ ಮಧ್ಯೆ ಬಣ್ಣ ನಿರ್ವಹಣೆಗೆ ಅಡ್ಮಿನ್ ಪಾಸ್‌ವರ್ಡ್ ಬೇಕು ಎಂಬ ಕಿಟಕಿ ಬರಬಹುದು. ರದ್ದು ಒತ್ತಿ, ಏನೂ ಕೆಡುವುದಿಲ್ಲ. ರೈಟರಿಗೆ ನಿರ್ವಹಣೆ ಖಾತೆಯ ಪಾಸ್‌ವರ್ಡ್ ಹೇಳುವ ಅಗತ್ಯವಿಲ್ಲ, ಹೇಳಲೂಬೇಡಿ.

ಮೂಲೆಯ ಕ್ರಾಸ್ ಒತ್ತಿ ಕಿಟಕಿ ಮುಚ್ಚಿದರೆ ಸೆಷನ್ ಸಾಯುವುದಿಲ್ಲ, ಮನೆಯ ಡೆಸ್ಕ್‌ಟಾಪಿನಲ್ಲಿ ಬದುಕಿಯೇ ಇರುತ್ತದೆ. ನಮ್ಮ ಮಳೆನಾಡಿಗೆ ಇದೊಂದು ವರ. ಆಫೀಸಿನ ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ಆರಿಹೋದರೂ ಚೆಕ್‌ರೋಲಿನ ಹಾಳೆ ತೆರೆದ ಹಾಗೇ ಇರುತ್ತದೆ, ಮತ್ತೆ ಲಾಗಿನ್ ಆದರೆ ಬರೆಯುತ್ತಿದ್ದ ಅದೇ ಸಾಲಿಗೆ ಬಂದು ನಿಲ್ಲುತ್ತೀರಿ. ತೊಂದರೆ ಏನೆಂದರೆ ಯಾರೂ ಲಾಗ್‌ಔಟ್ ಆಗದಿದ್ದರೆ ಬಿಟ್ಟುಹೋದ ಸೆಷನ್‌ಗಳು ರ‍್ಯಾಮ್ ಹಿಡಿದು ಕೂರುತ್ತವೆ. ಇಟಿಸಿ ಎಂಬ ಫೋಲ್ಡರಿನ ಒಳಗಿನ ಎಕ್ಸ್‌ಆರ್‌ಡಿಪಿ ಫೋಲ್ಡರಿನಲ್ಲಿ ಸೆಸ್‌ಮ್ಯಾನ್ ಎಂಬ ಐಎನ್‌ಐ ಫೈಲಿದೆ. ಅದರಲ್ಲಿ ಕಿಲ್‌ಡಿಸ್‌ಕನೆಕ್ಟೆಡ್ ಎಂಬುದನ್ನು ಟ್ರೂ ಮಾಡಿ, ಡಿಸ್‌ಕನೆಕ್ಟೆಡ್‌ಟೈಮ್‌ಲಿಮಿಟ್‌ಗೆ 14400 ಕೊಡಿ. ಅಳತೆ ಸೆಕೆಂಡಿನಲ್ಲಿ, ಅಂದರೆ ನಾಲ್ಕು ಗಂಟೆ. ಬೆಂಗಳೂರಿನ ಆಫೀಸಾದರೆ ಒಂದು ಗಂಟೆ ಸಾಕು ಎನ್ನುತ್ತಿದ್ದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಒಂದು ಗಂಟೆಯಲ್ಲಿ ಕರೆಂಟ್ ಬರುವುದನ್ನು ನೆಚ್ಚಿಕೊಳ್ಳಲಾಗದು, ಉಳಿಸದ ಕೆಲಸ ಹೋಗಬಾರದು.

ಪ್ರಿಂಟರ್ ವಿಷಯ: ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಪ್ರಿಂಟರ್ ಎಕ್ಸ್‌ಆರ್‌ಡಿಪಿ ಸೆಷನ್ನಿನೊಳಗೆ ಕಾಣುವುದಿಲ್ಲ. ವೈಫೈ ಅಥವಾ ನೆಟ್‌ವರ್ಕ್ ಪ್ರಿಂಟರನ್ನು ಡೆಸ್ಕ್‌ಟಾಪಿಗೇ ಜೋಡಿಸಿದರೆ ಎಲ್ಲರೂ ಬಳಸಬಹುದು. ಮೈಸೂರಿನಿಂದ ಮಗಳು ಪ್ರಿಂಟ್ ಒತ್ತಿದರೆ ಕಾಗದ ಸಿದ್ದಾಪುರದಲ್ಲಿ ಹೊರಬರುತ್ತದೆ ಎಂಬುದು ಗೊತ್ತಿರಲಿ. ಆಕೆ ಪಿಡಿಎಫ್ ಮಾಡಿಕೊಂಡು, ಹೋಂ ಫೋಲ್ಡರಿನಲ್ಲಿ ತಾನಾಗಿ ಮೂಡುವ ಥಿನ್‌ಕ್ಲೈಂಟ್ ಡ್ರೈವ್ಸ್ ಎಂಬ ಫೋಲ್ಡರಿಗೆ ಹಾಕಿದರೆ ಅದು ಆಕೆಯ ಲ್ಯಾಪ್‌ಟಾಪಿಗೆ ಹೋಗುತ್ತದೆ. ಇದಕ್ಕೆ ಸಂಪರ್ಕಿಸುವ ಮುಂಚೆ ಲೋಕಲ್ ರಿಸೋರ್ಸಸ್‌ನಲ್ಲಿ ಡ್ರೈವ್‌ಗೆ ಟಿಕ್ ಹಾಕಿರಬೇಕು. ಧ್ವನಿ ಮೊದಲಿಗೆ ಬರುವುದಿಲ್ಲ, ಲೆಕ್ಕಪತ್ರಕ್ಕೆ ಅದು ಬೇಕಾಗುವುದೂ ಇಲ್ಲ. ವಿಡಿಯೊ ಕರೆ, ಯೂಟ್ಯೂಬ್ ಎಲ್ಲ ಅವರವರ ಲ್ಯಾಪ್‌ಟಾಪಿನಲ್ಲೇ ನೋಡಲಿ.

ಹಂಚಿಕೊಳ್ಳುವ ಕಡತಗಳಿಗೆ ತೋಟ ಎಂಬರ್ಥದ ಹೆಸರಿನಲ್ಲಿ ಒಂದು ಗುಂಪು ಮಾಡಿ, ಬೇಕಾದವರನ್ನು ಮಾತ್ರ ಸೇರಿಸಿ. ಆ ಗುಂಪಿನ ಒಡೆತನದಲ್ಲಿ ಒಂದು ಫೋಲ್ಡರ್ ತೆರೆದು ಸಿಎಚ್‌ಮಾಡ್‌ನಿಂದ 2770 ಅನುಮತಿ ಕೊಡಿ. ಮೊದಲ 2 ಇದ್ದರೆ ಒಳಗೆ ಯಾರು ಹೊಸ ಫೈಲು ಮಾಡಿದರೂ ಅದು ಗುಂಪಿಗೇ ಸೇರುತ್ತದೆ. ಬರೀ 770 ಕೊಟ್ಟರೆ ರೈಟರ್ ಮಾಡಿದ ಹಾಳೆ ಅವರ ಸ್ವಂತ ಗುಂಪಿನಲ್ಲೇ ಉಳಿದು ನೀವು ತಿದ್ದಲು ಹೋದಾಗ ಓದಲು ಮಾತ್ರ ಎಂದು ತೋರಿಸುತ್ತದೆ. ಒಂದೇ ಹಾಳೆಯನ್ನು ಇಬ್ಬರು ತೆರೆದರೆ ಲಿಬ್ರೆಆಫೀಸ್ ಎರಡನೆಯವರಿಗೆ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬೇಡಿ.

ಕನ್ನಡ ಬೆರಳಚ್ಚಿಗೆ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಪ್ಯಾಕೇಜ್‌ಗಳನ್ನು ಹಾಕಿ, ಆಯ್ಕೆಗಳಲ್ಲಿ ಕನ್ನಡ ಕೆಜಿಪಿ ಸೇರಿಸಿ. ಇದು ನುಡಿ ಅಭ್ಯಾಸವಿರುವವರ ಕೈಗೆ ಕೂಡಲೇ ಒಗ್ಗುತ್ತದೆ. ಎದುರಿಗೆ ಕುಳಿತಾಗ ಕನ್ನಡ ಬರುತ್ತದೆ, ರಿಮೋಟಿನಲ್ಲಿ ಬರುವುದಿಲ್ಲ ಎಂಬ ದೂರು ಸಾಮಾನ್ಯ. ರಿಮೋಟ್ ಸೆಷನ್ನಿಗೆ ಐಬಸ್ ಇದೆ ಎಂಬುದು ಗೊತ್ತಾಗಿರುವುದಿಲ್ಲ, ಅಷ್ಟೇ. ಮೇಲೆ ಹೇಳಿದ ಎಕ್ಸ್‌ಸೆಷನ್ ಫೈಲಿನಲ್ಲಿ ಕೊನೆಯ ಸಾಲಿಗಿಂತ ಮೊದಲು ಜಿಟಿಕೆ, ಕ್ಯೂಟಿ ಎರಡರ ಇನ್‌ಪುಟ್ ಮಾಡ್ಯೂಲ್ ಐಬಸ್ ಎಂದು, ಎಕ್ಸ್‌ಮಾಡಿಫೈಯರ್ಸ್‌ಗೆ @im=ibus ಎಂದು ಎಕ್ಸ್‌ಪೋರ್ಟ್ ಮಾಡುವ ಮೂರು ಸಾಲು ಮತ್ತು ಐಬಸ್ ಡೀಮನ್ ಶುರುಮಾಡುವ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ಸಾಗಿಸುವ ಮುನ್ನ ವಿಂಡೋಸಿನಲ್ಲೇ ಯೂನಿಕೋಡಿಗೆ ಪರಿವರ್ತಿಸಿ.

ಟ್ಯಾಲಿಗೆ ವಿಂಡೋಸ್

ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ, ಮಿಂಟಿನಲ್ಲಿ ವರ್ಚುವಲ್ ಯಂತ್ರ ನಡೆಸುವ ವರ್ಟ್-ಮ್ಯಾನೇಜರ್ ಹಾಕಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ರ‍್ಯಾಮ್ 6, ಡಿಸ್ಕ್ 100 ಕೊಡಿ, ಟಿಪಿಎಂ ವರ್ಚುವಲ್ ಆಗಿಯೇ ಸಿಗುತ್ತದೆ. ಒಳಗೆ ಹಾಕುವುದು ಪ್ರೊ ಆಗಿರಬೇಕು. ಕಂಪ್ಯೂಟರಿನ ಜೊತೆ ಬಂದ ಹೋಮ್ ಪರವಾನಗಿ ಇದಕ್ಕೆ ಒದಗುವುದಿಲ್ಲ, ಬೇರೆಯದೇ ಕೊಳ್ಳುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಈ ವಿಂಡೋಸ್ 192.168.122ರಿಂದ ಶುರುವಾಗುವ ಒಳಜಾಲದಲ್ಲಿರುತ್ತದೆ, ಹೊರಗಿನ ಯಾವ ಲ್ಯಾಪ್‌ಟಾಪಿಗೂ ನೇರ ಕಾಣುವುದಿಲ್ಲ. ಲೆಕ್ಕದವರು ತಮ್ಮ ಲಿನಕ್ಸ್ ಸೆಷನ್ನಿಗೆ ಬಂದು, ಅಲ್ಲಿಂದ ರೆಮ್ಮಿನಾ ಮೂಲಕ ಟ್ಯಾಲಿಗೆ ಹೋಗಬೇಕು. ಹೊರಗಿನವರ ಲ್ಯಾಪ್‌ಟಾಪ್ ವಿಂಡೋಸನ್ನು ಮುಟ್ಟದಿರುವುದು ಭದ್ರತೆಗೂ ಒಳ್ಳೆಯದು.

ಇಲ್ಲಿ ಬೆರಳಿಗೆ ಸಿಗುವ ಒಂದು ತೊಡಕಿದೆ. ಟ್ಯಾಲಿಯಲ್ಲಿ ಅವಧಿ ಬದಲಿಸಲು ಆಲ್ಟ್ ಮತ್ತು ಎಫ್2 ಒತ್ತುತ್ತಾರೆ. ಎಕ್ಸ್‌ಎಫ್‌ಸಿಇಯಲ್ಲಿ ಅದೇ ಜೋಡಿ ಪ್ರೋಗ್ರಾಂ ಹುಡುಕುವ ಕಿಟಕಿ ತೆರೆಯುತ್ತದೆ. ಲೆಕ್ಕದವರು ಒತ್ತಿದ ಕೀಲಿಯನ್ನು ಲಿನಕ್ಸ್ ಹಿಡಿದುಕೊಳ್ಳುತ್ತದೆ, ಟ್ಯಾಲಿಗೆ ತಲುಪುವುದೇ ಇಲ್ಲ. ರೆಮ್ಮಿನಾದ ಪಟ್ಟಿಯಲ್ಲಿರುವ, ಕೀಲಿಗಳೆಲ್ಲವನ್ನೂ ಹಿಡಿದು ಕಳಿಸುವ ಗುಂಡಿಯನ್ನು ಒತ್ತಿಟ್ಟರೆ ಪರಿಹಾರ. ಜೊತೆಗೆ ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಲೆಕ್ಕದವರ ಖಾತೆಗೆ ಆಲ್ಟ್-ಎಫ್2 ಶಾರ್ಟ್‌ಕಟ್ಟನ್ನೇ ಅಳಿಸಿದರೆ ಇನ್ನೂ ನಿಶ್ಚಿಂತೆ.

ಟ್ಯಾಲಿ ಪರವಾನಗಿ ಒಂದು ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಹಳೆಯ ವಿಂಡೋಸಿನಲ್ಲಿ ಅದನ್ನು ಸರೆಂಡರ್ ಮಾಡಿದ ಮೇಲೆಯೇ ಹೊಸದರಲ್ಲಿ ಸಕ್ರಿಯಗೊಳಿಸಿ, ಡಿಸ್ಕ್ ಕಳಚುವ ಮುನ್ನವೇ ಮುಗಿಸಿ. ನಿಮ್ಮದು ಸಿಲ್ವರ್ ಆದರೆ ಒಬ್ಬ ಬಳಕೆದಾರರಿಗೆ ಮಾತ್ರ. ಇಬ್ಬರು ಒಟ್ಟಿಗೆ ಟ್ಯಾಲಿಯಲ್ಲಿ ಕೂರಬೇಕೆಂದರೆ ಗೋಲ್ಡ್ ಬೇಕು.

ನಾಲ್ವರಿಗೂ ವಿಂಡೋಸ್ ಪ್ರೋಗ್ರಾಂ ಬೇಕೇ ಬೇಕು ಎನ್ನುವ ಮನೆಗಳಿಗೆ ಕಾನೂನಿನ ದಾರಿ ವಿಂಡೋಸ್ ಸರ್ವರ್. ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಹಾಕಿದರೆ 120 ದಿನ ಹಾಗೇ ನಡೆಯುತ್ತದೆ, ಆಮೇಲೆ ಪರವಾನಗಿ ಇಲ್ಲದೆ ಒಳಬಿಡುವುದಿಲ್ಲ. ಸರ್ವರ್ ಕ್ಯಾಲ್ ಮತ್ತು ಆರ್‌ಡಿಎಸ್ ಕ್ಯಾಲ್ ಎಂದು ತಲೆಗೆ ಎರಡು ಬಗೆಯ ಪರವಾನಗಿ ಬೇಕು. ಡೊಮೇನ್ ಇಲ್ಲದ ಮನೆಯ ಜಾಲದಲ್ಲಿ ಆರ್‌ಡಿಎಸ್ ಕ್ಯಾಲ್ ಅನ್ನು ಪರ್ ಡಿವೈಸ್ (ಯಂತ್ರಕ್ಕೊಂದು) ಬಗೆಯದನ್ನೇ ಕೊಳ್ಳಿ. ಸರ್ವರಿನಲ್ಲಿ ಪುಕ್ಕಟೆ ಸಿಗುವ ಎರಡು ಸೆಷನ್ ನಿರ್ವಹಣೆಗಷ್ಟೇ, ದಿನದ ಕೆಲಸಕ್ಕಲ್ಲ. ಮನೆಗೆ ಕೊಂಡ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಅಲ್ಲಿ ನಡೆಯುವುದಿಲ್ಲ. ಇಷ್ಟೆಲ್ಲ ಖರ್ಚಿಗಿಂತ ಎರಡು ಸಾಧಾರಣ ಮಿನಿ ಪಿಸಿ ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಂತಿ, ಸಿಡಿಲು, ಕರೆಂಟ್

ಎಲ್ಲರ ಕೆಲಸ ಒಂದೇ ಯಂತ್ರದಲ್ಲಿ ಸೇರಿದಮೇಲೆ ಅದು ಆರಿದರೆ ಎಲ್ಲರೂ ನಿಲ್ಲುತ್ತಾರೆ. ಕೊಡಗಿನಲ್ಲಿ ಈ ಭಾಗವನ್ನು ಸಾಫ್ಟ್‌ವೇರಿನಷ್ಟೇ ಗಂಭೀರವಾಗಿ ನೋಡಬೇಕು.

ಡೆಸ್ಕ್‌ಟಾಪ್ ರೂಟರಿಗೆ ತಂತಿಯಲ್ಲೇ ಸೇರಲಿ. ತೋಟದ ಆಫೀಸು ಅಥವಾ ಕಾಟೇಜು ಮನೆಯಿಂದ ದೂರವಿದ್ದರೆ ತಾಮ್ರದ ಈಥರ್‌ನೆಟ್ ಕೇಬಲ್ 100 ಮೀಟರ್ ದಾಟಬಾರದು. ಅದಕ್ಕಿಂತ ದೊಡ್ಡ ಮಾತೆಂದರೆ, ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರ ಎಳೆದರೆ ಏಪ್ರಿಲ್, ಮೇ ತಿಂಗಳ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಎರಡೂ ತುದಿಯ ಪೋರ್ಟ್ ಸುಡಬಹುದು. ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆಸಿ, ತುದಿಗೊಂದು ಮೀಡಿಯಾ ಕನ್ವರ್ಟರ್ ಇಡಿ. ಕೇಬಲ್ ಕೊಳ್ಳುವಾಗ ಒಳಗೆ ಉಕ್ಕಿನ ತಂತಿ ಇರುವುದನ್ನು ಬಿಟ್ಟು ಎಫ್‌ಆರ್‌ಪಿ (ಲೋಹವಿಲ್ಲದ ನಾರು-ಪ್ಲಾಸ್ಟಿಕ್) ಕಡ್ಡಿ ಇರುವುದನ್ನು ಕೇಳಿ. ಉಕ್ಕಿದ್ದರೆ ಸಿಡಿಲಿನಿಂದ ತಪ್ಪಿಸಿಕೊಂಡ ಉಪಯೋಗ ಅರ್ಧ ಹೋಯಿತು. ವೈಫೈ ಸೇತುವೆ ಬೇಸಿಗೆಯಲ್ಲಿ ಚೆನ್ನಾಗಿ ನಡೆದು ಮಳೆಗಾಲದಲ್ಲಿ ಮುಗ್ಗರಿಸುತ್ತದೆ, ಏಕೆಂದರೆ ಒದ್ದೆ ಎಲೆಗಳು 5 ಗಿಗಾಹರ್ಟ್ಸ್ ಸಂಕೇತವನ್ನು ಹೀರುತ್ತವೆ. ನಡುವೆ ಸಿಲ್ವರ್ ಓಕ್ ಸಾಲಿದ್ದರೆ ಅದನ್ನು ನಂಬಬೇಡಿ.

ಮನೆಯ ಇನ್ವರ್ಟರಿಗೆ ಸಿಕ್ಕಿಸಿದ್ದರೂ ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಎಂದು ಬಹಳ ಮಂದಿ ಕೇಳುತ್ತಾರೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆ) ವಿದ್ಯುತ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಸಾಧಾರಣ ಮೋಡ್‌ನಲ್ಲಿದ್ದರೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಂಭಾಗದಲ್ಲೋ ಮುಂದೆಯೋ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದರೆ ಆ ಅವಧಿ ಇಳಿಯುತ್ತದೆ. ಆದರೂ ಈ ಡೆಸ್ಕ್‌ಟಾಪಿಗೆ ಪ್ರತ್ಯೇಕವಾಗಿ ಒಂದು ಯುಪಿಎಸ್ ಇರಲಿ, ಯುಎಸ್‌ಬಿ ಕೇಬಲ್ ಬರುವಂಥದ್ದು. ಬ್ಯಾಟರಿ ಇಳಿದಾಗ ಲಿನಕ್ಸ್ ತಾನಾಗಿ ಫೈಲುಗಳನ್ನು ಮುಚ್ಚಿ ಆರಿಕೊಳ್ಳುವಂತೆ ಮಾಡಬಹುದು. ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿ. ಬಯೋಸ್‌ನಲ್ಲಿ ವಿದ್ಯುತ್ ವಾಪಸ್ ಬಂದಾಗ ಚಾಲೂ ಆಗು ಎಂಬ ಆಯ್ಕೆ ಹಾಕಿದರೆ, ಸೋಮವಾರಪೇಟೆಗೋ ಮಡಿಕೇರಿಗೋ ಹೋಗಿದ್ದಾಗ ಯಾರೂ ಬಂದು ಗುಂಡಿ ಒತ್ತಬೇಕಿಲ್ಲ. ಹಂಚಿಕೆಯ ಫೋಲ್ಡರ್ ಮತ್ತು ಟ್ಯಾಲಿ ಡೇಟಾ ದಿನಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲಾಗಲಿ. ನಕಲಾದ ಮೇಲೆ ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ, ಸಿಕ್ಕಿಸಿಯೇ ಬಿಟ್ಟರೆ ಸಿಡಿಲು ಎರಡನ್ನೂ ಒಟ್ಟಿಗೆ ಸುಡುತ್ತದೆ.

ಮೈಸೂರಿನಿಂದ

ಮಗಳಿಗಾಗಿ ರೂಟರಿನಲ್ಲಿ 3389 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆಯಬೇಡಿ. ತೆರೆದ ಕೆಲವೇ ಗಂಟೆಗಳಲ್ಲಿ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಾಗಿಲು ತಟ್ಟತೊಡಗುತ್ತವೆ. 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ದೋಷದಲ್ಲಿ ವಿಂಡೋಸ್ 7ರ ತನಕದ ಹಳೆಯ ಯಂತ್ರಗಳ ರಿಮೋಟ್ ಡೆಸ್ಕ್‌ಟಾಪಿಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಲು ಸಾಧ್ಯವಿತ್ತು.

ಇನ್ನೊಂದು ಅಡ್ಡಿಯೂ ಇದೆ. ಹಲವು ಸಂಪರ್ಕಗಳಲ್ಲಿ ನಿಮ್ಮ ಮನೆಗೆಂದೇ ಸಾರ್ವಜನಿಕ ವಿಳಾಸ ಸಿಗುವುದಿಲ್ಲ, ಒಂದು ವಿಳಾಸವನ್ನು ನೂರಾರು ಮನೆಗಳು ಹಂಚಿಕೊಂಡಿರುತ್ತವೆ. ರೂಟರಿನ ಪುಟದಲ್ಲಿ ವ್ಯಾನ್ (ಹೊರಗಿನ ಜಾಲದ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮದೂ ಹಾಗೆಯೇ. ಅಲ್ಲಿ ಪೋರ್ಟ್ ತೆರೆದರೂ ಯಾರೂ ಒಳಗೆ ಬರಲಾರರು. ಟೇಲ್‌ಸ್ಕೇಲ್ ಎಂಬ ವಿಪಿಎನ್ (ಇಂಟರ್‌ನೆಟ್ ಮೂಲಕವೇ ನಿಮ್ಮ ಯಂತ್ರಗಳನ್ನಷ್ಟೇ ಕೂಡಿಸುವ ಖಾಸಗಿ ಜಾಲ) ಎರಡೂ ತೊಂದರೆಯನ್ನು ನೀಗಿಸುತ್ತದೆ. ಮನೆಯ ಡೆಸ್ಕ್‌ಟಾಪಿಗೂ ಮಗಳ ಲ್ಯಾಪ್‌ಟಾಪಿಗೂ ಅದನ್ನು ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಮಾಡಿ. ಡೆಸ್ಕ್‌ಟಾಪಿಗೆ 100ರಿಂದ ಶುರುವಾಗುವ ಇನ್ನೊಂದು ವಿಳಾಸ ಸಿಗುತ್ತದೆ, ಮಗಳು ಅದನ್ನೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹಾಕಬೇಕು. ಫೈರ್‌ವಾಲ್‌ನಲ್ಲಿ ಟೇಲ್‌ಸ್ಕೇಲ್ ಇಂಟರ್‌ಫೇಸಿನಿಂದ 3389ಕ್ಕೆ ಬಿಡುವ ಇನ್ನೊಂದು ನಿಯಮ ಬರೆಯಲು ಮರೆಯಬೇಡಿ. ವಿಪಿಎನ್ ಕೂಡಿದೆ, ಡೆಸ್ಕ್‌ಟಾಪ್ ಮಾತ್ರ ತೆರೆಯುವುದಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ವೇಗ ನೋಡುವಾಗ ನಿಮ್ಮ ಮನೆಯ ಅಪ್‌ಲೋಡ್ ಎಷ್ಟು ಎಂದು ನೋಡಿ, ಏಕೆಂದರೆ ಪರದೆಯ ಚಿತ್ರ ಮನೆಯಿಂದ ಹೊರಗೆ ಹೋಗುತ್ತದೆ. ಹಾಳೆ ತುಂಬುವ ಕೆಲಸಕ್ಕೆ ಒಬ್ಬರಿಗೆ 1ರಿಂದ 2 ಎಂಬಿಪಿಎಸ್ ಸಾಕು. ಪಿಂಗ್ (ಸಂಕೇತ ಹೋಗಿಬರುವ ಹೊತ್ತು) 100 ಮಿಲಿಸೆಕೆಂಡಿನೊಳಗಿದ್ದರೆ ಕೈಗೆ ಹಿತ, 200 ದಾಟಿದರೆ ಅಕ್ಷರಗಳು ತಡವಾಗಿ ಮೂಡುತ್ತವೆ. ಆಗ ಮಗಳು ರಿಮೋಟ್ ಡೆಸ್ಕ್‌ಟಾಪಿನ ಎಕ್ಸ್‌ಪೀರಿಯೆನ್ಸ್ ಟ್ಯಾಬಿನಲ್ಲಿ ಹಿನ್ನೆಲೆ ಚಿತ್ರ, ಅನಿಮೇಷನ್ ತೆಗೆದು, ಡಿಸ್‌ಪ್ಲೇ ಟ್ಯಾಬಿನಲ್ಲಿ ಬಣ್ಣವನ್ನು 16 ಬಿಟ್‌ಗೆ ಇಳಿಸಲಿ. ಒಂದು ಎಚ್ಚರ: ಬಣ್ಣದ ಬಿಟ್ ಬದಲಾದರೆ ಎಕ್ಸ್‌ಆರ್‌ಡಿಪಿ ಅದನ್ನು ಬೇರೆಯದೇ ಸೆಷನ್ ಎಂದು ಎಣಿಸುತ್ತದೆ. ಹಿಂದಿನದರಲ್ಲಿ ತೆರೆದಿಟ್ಟ ಕಡತ ಕಾಣದೆ ಗಾಬರಿಯಾಗಬಹುದು. ಅದು ಕಳೆದುಹೋಗಿರುವುದಿಲ್ಲ, ಮೊದಲಿನ ಬಣ್ಣದ ಆಯ್ಕೆಯಲ್ಲೇ ಮತ್ತೆ ಒಳಹೋದರೆ ಸಿಗುತ್ತದೆ. ಬದಲಿಸುವ ಮುನ್ನ ಹಳೆಯ ಸೆಷನ್ನಿನಿಂದ ಲಾಗ್‌ಔಟ್ ಆಗಲು ಆಕೆಗೆ ಹೇಳಿಡಿ.